1943: ಅಡಿ ಲೆಕ್ಕದ ವರ್ಷ, ಬೀಳಗಿಯ ದನಿ

1943ನೇ ಇಸವಿಯ ಸಿನಿಮಾ ಅಂದರೆ ಮೈಸೂರು ಸೀಮೆಯ ಇತಿಹಾಸಕಾರರು ಮೊದಲು ಬರೆಯುವ ಹೆಸರು ‘ಸತ್ಯ ಹರಿಶ್ಚಂದ್ರ’. ನಿರ್ದೇಶನ ಆರ್. ನಾಗೇಂದ್ರರಾಯರದು, ಹರಿಶ್ಚಂದ್ರನಾಗಿ ಸುಬ್ಬಯ್ಯ ನಾಯ್ಡು. ಅದೇ ಇಸವಿಗೆ ವಿಜಯಪುರ, ಬೆಳಗಾವಿ ಕಡೆ ಬೇರೆ ಹೆಸರು: ‘ಕಿಸ್ಮತ್’. ಇದು ಬರೀ ರುಚಿಯ ಮಾತಲ್ಲ, ಫಿಲ್ಮಿನ ಪೆಟ್ಟಿಗೆ ಬರುತ್ತಿದ್ದ ದಾರಿಯ ಮಾತು. ಈ ಜಿಲ್ಲೆಗಳು ಆಗ ಮುಂಬೈ ಪ್ರಾಂತದಲ್ಲಿದ್ದವು. ಬಾಗಲಕೋಟೆ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದು ವಿಜಾಪುರದ ಪಾಲು. ಹಂಚಿಕೆದಾರರ ನಕಾಶೆಯಲ್ಲಿ ಇಡೀ ಸೀಮೆ ‘ಬಾಂಬೆ ಸರ್ಕಿಟ್’ ಒಳಗೆ ಬರುತ್ತಿತ್ತು. ಮುಂಬೈಯ ಹಿಂದಿ ಚಿತ್ರ, ಕೊಲ್ಲಾಪುರ-ಪುಣೆಯ ಮರಾಠಿ ಚಿತ್ರ ಇಲ್ಲಿಗೆ ತಾನಾಗಿ ಬರುತ್ತಿದ್ದವು. ಮೈಸೂರು ಕಡೆಯ ಕನ್ನಡ ಚಿತ್ರಕ್ಕೆ ಇಲ್ಲಿ ಬೇರೆ ಗಿರಾಕಿ ಹುಡುಕಬೇಕಿತ್ತು. ರಾಜ್ಯ ಒಂದಾದ ಮೇಲೂ ಆ ಗೆರೆ ಬೇಗ ಅಳಿಯಲಿಲ್ಲ.

ಹಾಗಂತ ‘ಕಿಸ್ಮತ್’ ಪೂರ್ತಿ ಹೊರಗಿನ ಮಾಲೂ ಅಲ್ಲ. ಬಾಂಬೆ ಟಾಕೀಸ್ ತಯಾರಿಸಿ ಗ್ಯಾನ್ ಮುಖರ್ಜಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿ ತುಟಿ ಆಡಿಸಿದರೆ ಹಾಡಿದವರು ಬೀಳಗಿಯ ಅಮೀರ್‌ಬಾಯಿ. ಹೆಸರಿನ ಜೊತೆ ಊರು ಹಚ್ಚಿಕೊಳ್ಳುವುದು ನಮ್ಮ ಕಡೆಯ ಕಲಾವಿದರ ರೂಢಿ. ಅಮೀರ್‌ಬಾಯಿ ನಾಡನ್ನೇ ಹಚ್ಚಿಕೊಂಡು ‘ಕರ್ನಾಟಕಿ’ ಆದರು, ಅಕ್ಕ-ತಂಗಿಯರಲ್ಲಿ ಇನ್ನೊಬ್ಬರಾದ ಗೋಹರಬಾಯಿಯೂ ಹಾಗೇ ಕರೆಸಿಕೊಂಡರು. ಆ ಹೆಸರಿನ ರಾಜ್ಯ ಕಾಗದದ ಮೇಲೆ ಬಂದದ್ದು 1973ರಲ್ಲಿ. ಮುಂಬೈಯ ಪೋಸ್ಟರುಗಳಲ್ಲಿ, ರಿಕಾರ್ಡಿನ ಪಟ್ಟಿಗಳಲ್ಲಿ ಅದಕ್ಕೆ ದಶಕಗಳ ಮುಂಚೆಯೇ ಬಂದಿತ್ತು. ವಿಜಯಪುರದವರಿಗೆ ಅಮೀರ್ ಟಾಕೀಸ್ ಗೊತ್ತು, ಆ ಹೆಸರು ಎಲ್ಲಿಂದ ಬಂತು ಎಂಬುದು ಹೊಸ ಹುಡುಗರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ.

‘ಕಿಸ್ಮತ್’ ಬಗ್ಗೆ ಎಲ್ಲರೂ ಹೇಳುವುದು ಒಂದು ಅಂಕಿ: ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ 187 ವಾರ. ಮುಂದೆ ‘ಶೋಲೆ’ ಬಂದು ಮುಂಬೈಯ ಮಿನರ್ವಾದಲ್ಲಿ ಐದು ವರ್ಷ ಕೂತಾಗಲೇ ಆ ದಾಖಲೆ ಮುರಿದದ್ದು. ಇದಕ್ಕಿಂತ ಬೇರೆ ಅಂಕಿಗಳು ನನಗೆ ಹೆಚ್ಚು ರುಚಿ. ಚಿತ್ರ ಎಷ್ಟು ವಾರ ಓಡಿತು ಅನ್ನುವುದಕ್ಕಿಂತ ಎಷ್ಟು ಅಡಿ ಓಡಿತು ಅನ್ನುವುದು ಆ ವರ್ಷವನ್ನು ಚೆನ್ನಾಗಿ ತಿಳಿಸುತ್ತದೆ.

ಅಡಿ ಲೆಕ್ಕ ಸರಳ. 35 ಮಿ.ಮೀ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು (ಫ್ರೇಮು). ಸೆಕೆಂಡಿಗೆ 24 ಚೌಕಟ್ಟು ಓಡಿದರೆ ನಿಮಿಷಕ್ಕೆ 90 ಅಡಿ. 1,000 ಅಡಿಯ ಒಂದು ರೀಲು ಸುಮಾರು 11 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ. ಯುದ್ಧ ಬಂದಾಗ ಈ ಅಡಿಗೇ ಕೊರತೆ ಬಿತ್ತು. ಕಚ್ಚಾ ಫಿಲ್ಮು ಭಾರತದಲ್ಲಿ ತಯಾರಾಗುತ್ತಲೇ ಇರಲಿಲ್ಲ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆಯೆಲ್ಲ 60ರ ದಶಕದ ಮಾತು. ಎಲ್ಲವೂ ಹಡಗಿನಲ್ಲಿ ಬರಬೇಕು, ಹಡಗು ಯುದ್ಧದ ಕೆಲಸಕ್ಕೆ ಹೋಗಿತ್ತು, ಜರ್ಮನಿಯ ಆಗ್ಫಾ ಶತ್ರುದೇಶದ ಮಾಲಾಗಿತ್ತು. ಸರ್ಕಾರ ಕಥಾಚಿತ್ರಕ್ಕೆ 11,000 ಅಡಿ ಮಿತಿ ಹಾಕಿತು, 1943ರಲ್ಲಿ ಕಚ್ಚಾ ಫಿಲ್ಮಿಗೆ ಪರವಾನಗಿ ಪದ್ಧತಿ ತಂದಿತು. ಅದೇ ವರ್ಷ ಭಾರತ ರಕ್ಷಣಾ ನಿಯಮದಡಿ, ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ 2,000 ಅಡಿ ಚಿತ್ರ ತೋರಿಸಲೇಬೇಕೆಂದು ಟಾಕೀಸುಗಳಿಗೆ ಕಟ್ಟು ಮಾಡಿತು. 11,000 ಅಡಿ ಅಂದರೆ 122 ನಿಮಿಷ, 2,000 ಅಡಿ ಅಂದರೆ 22 ನಿಮಿಷ. ಕಥೆಯನ್ನು ಕತ್ತರಿಸಿ, ಉಳಿದ ಜಾಗದಲ್ಲಿ ಯುದ್ಧದ ಸುದ್ದಿ ತುಂಬಿಸಿದಂತಾಯಿತು.

ತಾಸುಗಟ್ಟಲೆ ನಡೆಯುವ ನಾಟಕಕ್ಕೆ ಒಗ್ಗಿದ್ದ ನಮ್ಮ ಕಡೆಯ ಪ್ರೇಕ್ಷಕರಿಗೆ ಇದು ಹೇಗೆ ಕಂಡಿರಬೇಕು! ಅದೂ ವಿಜಾಪುರ ಜಿಲ್ಲೆಗೆ ಬರ ಹೊಡೆದಿದ್ದ ದಿನಗಳಲ್ಲಿ.

ಅಡಿಗೆ ಬರ ಬಂದ ಕಾಲದಲ್ಲಿ ಒಂದು ಹಾಡಿಗೆ ಎಷ್ಟು ಅಡಿ ಬೇಕು? 3 ನಿಮಿಷ 20 ಸೆಕೆಂಡಿನ ಹಾಡಿಗೆ ಸರಿಯಾಗಿ 300 ಅಡಿ. ಅದು ಪರದೆಯ ಲೆಕ್ಕ. ಧ್ವನಿಗ್ರಹಣದ ಲೆಕ್ಕ ಬೇರೆಯೇ ಇತ್ತು. ಕಾಂತೀಯ ಟೇಪು ಇನ್ನೂ ನಮ್ಮ ಸ್ಟುಡಿಯೋಗಳಿಗೆ ಬಂದಿರಲಿಲ್ಲ. ದನಿಯನ್ನು ಬೆಳಕಾಗಿಸಿ ಫಿಲ್ಮಿನ ಮೇಲೇ ಬರೆಯುತ್ತಿದ್ದರು. ಮೈಕಿನಿಂದ ಬಂದ ವಿದ್ಯುತ್ತು ಬೆಳಕಿನ ಸಣ್ಣ ಸೀಳೊಂದನ್ನು ಹಿಗ್ಗಿಸಿ ಕುಗ್ಗಿಸುತ್ತದೆ, ಇಲ್ಲವೇ ಬೆಳಕಿನ ಪ್ರಖರತೆಯನ್ನು ಏರಿಳಿಸುತ್ತದೆ. ಎದುರಿಗೆ ಓಡುವ ಫಿಲ್ಮಿನ ಅಂಚಿನಲ್ಲಿ ಗೆರೆ ಬೀಳುತ್ತದೆ. ಮೊದಲನೆಯದು ಗರಗಸದ ಹಲ್ಲಿನಂತೆ ಕಾಣುತ್ತದೆ, ಎರಡನೆಯದು ಇಳಕಲ್ ಸೀರೆಯ ಸಣ್ಣ ಪಟ್ಟಿಯಂತೆ, ಒಂದರ ಮೇಲೊಂದು ಬೂದು ಗೆರೆಗಳು.

ತೊಡಕು ಏನೆಂದರೆ, ಬರೆದ ಕೂಡಲೇ ಅದನ್ನು ಕೇಳಲಿಕ್ಕೆ ಆಗುವುದಿಲ್ಲ. ಫಿಲ್ಮನ್ನು ಕತ್ತಲ ಕೋಣೆಯಲ್ಲಿ ತೊಳೆಯಬೇಕು, ಒಣಗಿಸಬೇಕು, ಪ್ರಿಂಟು ತೆಗೆಯಬೇಕು. ಹಾಡು ಸರಿ ಬಂತೋ ಇಲ್ಲವೋ ಪಕ್ಕಾ ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ ಮರುದಿನ. ಅಷ್ಟರಲ್ಲಿ ವಾದ್ಯದವರು ಚದುರಿರುತ್ತಾರೆ. ಹಾಡಿನ ಕೊನೆಯ ಸಾಲಿನಲ್ಲಿ ತಬಲಾದವನೊಬ್ಬ ತಪ್ಪಿದರೂ ಅಷ್ಟೇ, 300 ಅಡಿ ಕಸಕ್ಕೆ. ತೇಪೆ ಹಚ್ಚಿ ಸರಿಮಾಡುವ ಅವಕಾಶ ಬಹಳ ಕಡಿಮೆ, ಯಾಕೆಂದರೆ ದನಿಯ ಗೆರೆಯಲ್ಲಿ ಕತ್ತರಿಸಿ ಜೋಡಿಸಿದ ಜಾಗ ಟಪ್ ಎನ್ನುತ್ತದೆ. ಹತ್ತು ಸಲ ಹಾಡಿಸಿದರೆ 3,000 ಅಡಿ, ಅಂದರೆ ಇಡೀ ಚಿತ್ರದ ಮಿತಿಯ ಕಾಲುಭಾಗಕ್ಕಿಂತ ಹೆಚ್ಚು. ಆದ್ದರಿಂದ ಫಿಲ್ಮು ಓಡಿಸುವ ಮೊದಲು ತಾಲೀಮು, ಮತ್ತೆ ತಾಲೀಮು.

ಸಮತೋಲ ಮಾಡುವುದಕ್ಕೆ ಗುಂಡಿಗಳಿರಲಿಲ್ಲ, ಕಾಲುಗಳಿದ್ದವು. ಒಂದೋ ಎರಡೋ ಮೈಕು. ಹಾಡುವವರು ಹತ್ತಿರ, ಸಾರಂಗಿ, ಕೊಳಲು ಅವರ ಹಿಂದೆ, ಪಿಟೀಲಿನ ಗುಂಪು ಅದಕ್ಕೂ ಹಿಂದೆ, ಢೋಲಕು ಮೂಲೆಗೆ. ಮೈಕಿನಿಂದ ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದೂವರೆ ಅಡಿಯಲ್ಲಿ ನಿಂತ ಗಾಯಕಿ ಮೂರು ಅಡಿಗೆ ಸರಿದರೆ ಈ ಇಳಿಕೆ. ಢೋಲಕಿನವನು ಎಂಟು ಅಡಿಯಿಂದ ಒಂಬತ್ತು ಅಡಿಗೆ ಸರಿದರೆ ಹೆಚ್ಚೇನೂ ಆಗದು. ತಾರಕ್ಕೆ ಹೋದಾಗ ಮುಖ ತುಸು ತಿರುಗಿಸುವುದು, ಮಂದ್ರಕ್ಕೆ ಬಂದಾಗ ಮುಂದೆ ಬಾಗುವುದು ಹಾಡಿನಷ್ಟೇ ಕಲಿಯಬೇಕಾದ ವಿದ್ಯೆಯಾಗಿತ್ತು.

ಕಂಪನಿ ನಾಟಕದ ಕೊರಳಿನ ಮಾತು ಇಲ್ಲಿ ಬರುತ್ತದೆ. ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮುಟ್ಟಬೇಕಾದ ದನಿ ಗಟ್ಟಿ ಮಾತ್ರ ಇದ್ದರೆ ಸಾಲದು, ನಡುಭಾಗ ತುಂಬಿರಬೇಕು. ಅಂದಿನ ಫಿಲ್ಮಿನ ದನಿಪಟ್ಟಿ 8,000 ಹರ್ಟ್ಸ್ ಆಚೆ ಹೆಚ್ಚೇನೂ ಹಿಡಿಯುತ್ತಿರಲಿಲ್ಲ. ಗರಗರ ಸದ್ದು ಅಡಗಲೆಂದು ಟಾಕೀಸಿನ ಆಂಪ್ಲಿಫಯರಿನಲ್ಲಿ ಮೇಲಿನ ಭಾಗವನ್ನು ಇನ್ನಷ್ಟು ತಗ್ಗಿಸುತ್ತಿದ್ದರು. ಸ, ಶ, ಚ ಅಕ್ಷರಗಳು ಮಂಕಾಗುತ್ತಿದ್ದವು. ತೆಳು ದನಿ ಆ ಯಂತ್ರದಲ್ಲಿ ಕೊಳಲಿನೊಳಗೆ ಕರಗಿಹೋಗುತ್ತಿತ್ತು. ಅಮೀರ್‌ಬಾಯಿಯಂಥ, ಜೊಹ್ರಾಬಾಯಿಯಂಥ ತುಂಬುದನಿ ಮಾತ್ರ ನಿಲ್ಲುತ್ತಿತ್ತು. 40ರ ದಶಕದ ಹಾಡುಗಾರ್ತಿಯರೆಲ್ಲ ಯಾಕೆ ‘ದಪ್ಪ ದನಿ’ಯವರು ಎಂದು ಇಂದಿನವರು ಕೇಳುತ್ತಾರೆ. ಅಭಿರುಚಿ ಅರ್ಧ ಕಾರಣವಾದರೆ ಯಂತ್ರ ಇನ್ನರ್ಧ ಅನ್ನುವುದು ನನ್ನ ತೀರ್ಮಾನ. ಇದೇ 1943ರಲ್ಲಿ ‘ಗಜಾಭಾವು’ ಎಂಬ ಮರಾಠಿ ಚಿತ್ರಕ್ಕೆ ಹದಿಮೂರು-ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ಮೊದಲ ಹಿಂದಿ ಹಾಡು ಹಾಡಿದಳು. ಆ ಲತಾಳ ತೆಳು ದನಿ ರಾಜ್ಯವಾಳುವ ಹೊತ್ತಿಗೆ ಮೈಕುಗಳೂ ಬದಲಾಗಿದ್ದವು.

‘ಕಿಸ್ಮತ್’ನಲ್ಲಿ ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸರು ಈ ಮಿತಿಯನ್ನು ಬಳಸಿಕೊಂಡ ರೀತಿ ಗಮನಿಸುವಂಥದ್ದು. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಲಾಲಿಯಲ್ಲಿ ವಾದ್ಯಗಳು ಹಿಂದೆ ನಿಂತು ಅಮೀರ್‌ಬಾಯಿಗೆ ಜಾಗ ಬಿಡುತ್ತವೆ. ಪಪೀಹಾ ಹಕ್ಕಿಯ ಹಾಡಿಗೆ ಬೇರೆ ಬಣ್ಣದ ದನಿ ಬೇಕೆಂದು ತಮ್ಮ ತಂಗಿ ಪಾರುಲ್ ಘೋಷರಿಂದ ಹಾಡಿಸಿದರು. ಪರಕೀಯರೇ ದೂರ ಸರಿಯಿರಿ ಎನ್ನುವ ಹಾಡಿಗೆ ಅಮೀರ್‌ಬಾಯಿ, ಖಾನ್ ಮಸ್ತಾನಾ ಮತ್ತು ವೃಂದ. ಅದರ ಕವಿ ಪ್ರದೀಪ್. ಹಾಡಿನೊಳಗೆ ಜರ್ಮನಿ, ಜಪಾನಿನ ಹೆಸರು ಇದ್ದುದರಿಂದ ಬ್ರಿಟಿಷರ ಸೆನ್ಸಾರು ಬಿಟ್ಟಿತು. ಭಾರತ ಬಿಟ್ಟು ತೊಲಗಿ ಚಳವಳಿಯ ಬಿಸಿ ಆರದ ದಿನಗಳಲ್ಲಿ ಟಾಕೀಸಿನಲ್ಲಿ ಕೂತವರಿಗೆ ಅದು ಯಾರಿಗೆ ಹೇಳಿದ ಮಾತು ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಪ್ರಿಂಟು ಮುಂಬೈ ಬಿಟ್ಟು ಇಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಪರದೆ ಸುತ್ತಿರುತ್ತಿತ್ತು. ಮೊದಲು ದೊಡ್ಡ ಊರು, ಆಮೇಲೆ ಬೆಳಗಾವಿಯಂಥ ಕಂಟೋನ್ಮೆಂಟಿನ ಊರು, ಅದರ ಹಿಂದೆ ವಿಜಯಪುರ, ಕಡೆಗೆ ಜಾತ್ರೆಯ ಡೇರೆ ಟಾಕೀಸು. ಎರಡು ಪ್ರೊಜೆಕ್ಟರ್ ಇದ್ದಲ್ಲಿ ಆಟ ಒಂದೇ ಸಮ ಓಡುತ್ತದೆ. ಒಂದೇ ಇದ್ದ ಡೇರೆಯಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹತ್ತಬೇಕು, 11,000 ಅಡಿಯ ಚಿತ್ರಕ್ಕೆ ಹತ್ತು ಸಲ. ರೀಲಿನ ಮೊದಲ ಮತ್ತು ಕೊನೆಯ ಐವತ್ತು ಅಡಿ ಹೆಚ್ಚು ಕೈಗೆ ಸಿಗುವುದರಿಂದ ಅಲ್ಲೇ ಹೆಚ್ಚು ಗೀರು, ಪರದೆ ಮೇಲೆ ಮಳೆ.

ಹಾಡಿನ ನಡುವೆ ಫಿಲ್ಮು ಹರಿದರೆ ಏನಾಗುತ್ತದೆ ಎನ್ನುವುದು ಚೆಂದದ ಲೆಕ್ಕ. ಪ್ರೊಜೆಕ್ಟರಿನಲ್ಲಿ ಚಿತ್ರದ ಕಿಟಕಿ ಮೇಲೆ, ದನಿ ಓದುವ ತಲೆ ಕೆಳಗೆ. ಚಿತ್ರ ಕಿಟಕಿಯಲ್ಲಿ ನಿಂತು ನಿಂತು ಸಾಗಬೇಕು, ದನಿ ಮಾತ್ರ ಒಂದೇ ಸಮ ಜಾರಬೇಕು, ಹಾಗಾಗಿ ಎರಡೂ ಒಂದೇ ಜಾಗದಲ್ಲಿ ಇರಲಾರವು. ಇದಕ್ಕಾಗಿ ಒಂದು ಚಿತ್ರಕ್ಕೆ ಸೇರಿದ ದನಿಯನ್ನು 20 ಚೌಕಟ್ಟು ಮುಂದೆ ಮುದ್ರಿಸುತ್ತಾರೆ. ಆಪರೇಟರ್ ಹರಿದ ತುದಿ ಕತ್ತರಿಸಿ, ಲೇಪ ಕೆರೆದು, ಸಿಮೆಂಟು ಹಚ್ಚಿ ಜೋಡಿಸಿದಾಗ ಒಂದೆರಡು ಚೌಕಟ್ಟು ಹೋಗುತ್ತದೆ. ಆ ಜಾಗ ಬಂದಾಗ ಮೊದಲು ಚಿತ್ರ ಹಾರುತ್ತದೆ, ಸುಮಾರು ಮುಕ್ಕಾಲು ಸೆಕೆಂಡಿನ ಮೇಲೆ ದನಿ ಟಪ್ ಎಂದು ಜಿಗಿಯುತ್ತದೆ. ಜೋಡಿಸಿದ ಜಾಗಕ್ಕೆ ದನಿಪಟ್ಟಿಯ ಮೇಲೆ ತ್ರಿಕೋನದ ಹಾಗೆ ಕರಿ ಮಸಿ ಬಳಿದರೆ ಟಪ್ ಬದಲು ಮೆತ್ತಗೆ ಒಂದು ಕ್ಷಣದ ಮೌನ ಬರುತ್ತದೆ. ಬಲ್ಲ ಆಪರೇಟರ್ ಹಾಗೆ ಮಾಡುತ್ತಿದ್ದ.

ಫಿಲ್ಮು ಹಾಕುವಾಗ ಕೆಳಗಿನ ಲೂಪು (ಚಿತ್ರದ ಕಿಟಕಿಗೂ ದನಿತಲೆಗೂ ನಡುವೆ ಸಡಿಲವಾಗಿ ಬಿಡುವ ಫಿಲ್ಮಿನ ಬಳುಕು) ನಾಲ್ಕು ಚೌಕಟ್ಟು ದೊಡ್ಡದಾದರೆ ತುಟಿ ಮೊದಲು, ದನಿ ಹಿಂದೆ. ಇದರ ಜೊತೆಗೆ ಸಭಾಂಗಣದ ಉದ್ದ ಬೇರೆ. ಒಂದು ಚೌಕಟ್ಟಿನ ಹೊತ್ತಿನಲ್ಲಿ ದನಿ ಗಾಳಿಯಲ್ಲಿ ಸಾಗುವುದು ಸುಮಾರು 47 ಅಡಿ. ಹಿಂದಿನ ಬೆಂಚಿನವರಿಗೆ ಹೇಗೂ ಎರಡು ಚೌಕಟ್ಟು ತಡವಾಗಿ ಕೇಳುತ್ತದೆ, ಅದಕ್ಕೆ ಲೂಪಿನ ತಪ್ಪು ಕೂಡಿದರೆ ನಾಯಕಿ ಬಾಯಿ ಮುಚ್ಚಿದ ಮೇಲೂ ಹಾಡುತ್ತಿರುತ್ತಾಳೆ. ದನಿಯಲ್ಲಿ ಎಡೆಬಿಡದೆ ಗುಂಯ್ ಎಂದರೆ ಎರಡು ಕಡೆ ನೋಡಬೇಕು. ದನಿತಲೆಯ ಬಲ್ಬಿಗೆ ಬ್ಯಾಟರಿಯ ಬದಲು ನೇರ ಲೈನಿನ ವಿದ್ಯುತ್ತು ಕೊಟ್ಟಿದ್ದರೆ 100 ಹರ್ಟ್ಸಿನ ಗುಂಯ್. ಫಿಲ್ಮು ಪಕ್ಕಕ್ಕೆ ಜಾರಿ ಬೆಳಕಿನ ಸೀಳು ಅಂಚಿನ ತೂತುಗಳ ಮೇಲೆ ಬಿದ್ದಿದ್ದರೆ 96, ಯಾಕೆಂದರೆ ಚೌಕಟ್ಟಿಗೆ ನಾಲ್ಕು ತೂತು, ಸೆಕೆಂಡಿಗೆ 24 ಚೌಕಟ್ಟು. ಕಿವಿಗೆ ಎರಡೂ ಒಂದೇ ಅನ್ನಿಸುತ್ತವೆ. ಮೋಟಾರು ನಿಲ್ಲಿಸಿದಾಗ ಗುಂಯ್ ಉಳಿದರೆ ಬಲ್ಬು, ನಿಂತರೆ ತೂತು.

ಬೆಂಕಿಯ ಮಾತು ಬೇರೆಯೇ ಒಂದು ಬರಹ ಬೇಡುತ್ತದೆ. ಆಗಿನ ಫಿಲ್ಮು ನೈಟ್ರೇಟಿನದು, ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದು, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಎದುರಿಗೆ ಕಾರ್ಬನ್ ಕಡ್ಡಿಗಳ ನಡುವಿನ ಉರಿ. ಸುಡದೆ ಉಳಿದದ್ದೂ ವಿಜಯಪುರದ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ತಾನೇ ಕೊಳೆಯುತ್ತದೆ: ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಅಂಟುತ್ತದೆ, ಕೊನೆಗೆ ಕಂದು ಪುಡಿ. ಆ ಕಾಲದ ಎಷ್ಟೋ ಕನ್ನಡ ಚಿತ್ರಗಳು ಇಂದು ನೋಡಲು ಸಿಗದೆ ಇರುವುದಕ್ಕೆ ಇದೊಂದು ಕಾರಣ. ಇನ್ನೊಂದು, ಹಳೆ ರೀಲನ್ನು ತೊಳೆದು ಬೆಳ್ಳಿ ತೆಗೆಯುವವರಿಗೆ ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದ ಪದ್ಧತಿ.

‘ಸತ್ಯ ಹರಿಶ್ಚಂದ್ರ’ದ ಕಡೆಗೆ ಮರಳಿದರೆ, ಅದರ ಹಿರಿಮೆಯೂ ದನಿಯದೇ. ನಿರ್ಮಾಪಕ ಎ.ವಿ. ಮೆಯ್ಯಪ್ಪನ್ ಅದನ್ನು ತಮಿಳಿಗೆ ಡಬ್ ಮಾಡಿ 1944ರಲ್ಲಿ ಬಿಡುಗಡೆ ಮಾಡಿದರು. ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಹಾಗೆ ಹೋದ ಮೊದಲ ಚಿತ್ರವೆಂದು ಅದು ಹೆಸರಾಗಿದೆ. ಫಿಲ್ಮಿಗೆ ಬರ ಇದ್ದಾಗ ಹೊಸದಾಗಿ ಚಿತ್ರೀಕರಿಸುವ ಬದಲು ಇದ್ದ ಚಿತ್ರಕ್ಕೇ ಹೊಸ ದನಿಪಟ್ಟಿ ಹಚ್ಚುವುದರಲ್ಲಿ ಎಷ್ಟು ಅಡಿ ಉಳಿತಾಯ ಎಂದು ಲೆಕ್ಕ ಹಾಕಿ ನೋಡಿ. ಡಬ್ಬಿಂಗಿನಲ್ಲಿ ಕಣ್ಣು ಹಿಡಿಯುವುದು ಪ, ಬ, ಮ. ತುಟಿ ಕೂಡುವುದು ಪ ವರ್ಗದ ಈ ಅಕ್ಷರಗಳಲ್ಲೇ. ತೆರೆಯ ಮೇಲೆ ತುಟಿ ಮುಚ್ಚಿದಾಗ ಹೊಸ ಮಾತಿನಲ್ಲೂ ಇವುಗಳಲ್ಲೊಂದು ಬರಬೇಕು, ಉಳಿದ ಅಕ್ಷರ ಏನಾದರೂ ನಡೆಯುತ್ತದೆ. ಕನ್ನಡ, ತಮಿಳು ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಮಾತಿನ ಉಸಿರು ಹೊಂದುತ್ತದೆ. ಆದರೆ ತಮಿಳಿನ ಕ್ರಿಯಾಪದ ವ್ಯಂಜನದಲ್ಲಿ ಮುಗಿಯುವುದು ಹೆಚ್ಚು, ಕನ್ನಡದ್ದು ಸ್ವರದಲ್ಲಿ ತೆರೆದು ನಿಲ್ಲುತ್ತದೆ. ವಾಕ್ಯದ ಕೊನೆಯಲ್ಲಿ ಬಾಯಿ ತೆರೆದೇ ಇರುವುದು, ಇಂದಿಗೂ ಡಬ್ಬಿಂಗ್ ಬರೆಯುವವರ ತಲೆನೋವು. ಅಂದಹಾಗೆ, ಪಿಟೀಲಿನ ಟಿ. ಚೌಡಯ್ಯನವರ ‘ವಾಣಿ’ ಬಂದದ್ದೂ ಇದೇ ವರ್ಷ, ಪಂಡರಿಬಾಯಿ ತೆರೆಗೆ ಬಂದದ್ದು ಅದರಲ್ಲಿ.

ಪರದೆಯ ಚಿತ್ರ ಹೋದರೂ ಮನೆಗಳಲ್ಲಿ ಉಳಿದದ್ದು ರಿಕಾರ್ಡು. ಬೆಳಗಾವಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ, ಬಾಗಲಕೋಟೆ ಜಿಲ್ಲೆಯ ಹಳೆ ವಾಡೆಗಳ ಅಟ್ಟದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ‘78ರ ತಟ್ಟೆ’ ಇನ್ನೂ ಸಿಗುತ್ತದೆ. ಯುದ್ಧದ ಕಾಲದ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ತಟ್ಟೆಯಲ್ಲಿ ಅರಗು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕಲ್ಲಿನ ಹುಡಿ, ಮಸಿ. ಕಲ್ಲಿನ ಹುಡಿ ಬೇಕೆಂದೇ ಹಾಕಿದ್ದು: ಉಕ್ಕಿನ ಮುಳ್ಳನ್ನು ಮೊದಲ ಸುತ್ತುಗಳಲ್ಲೇ ಸವೆಸಿ ಗಾಡಿಗೆ (ಮುಳ್ಳು ಸಾಗುವ ತೋಡಿಗೆ) ತಕ್ಕ ಆಕಾರಕ್ಕೆ ತರಲಿ ಎಂದು. ಅದಕ್ಕೇ ಒಂದು ಮುಳ್ಳು ಒಂದೇ ಬದಿಗೆ. ಮುಳ್ಳಿನ ಡಬ್ಬಿ ಸಿಗದ ದಿನಗಳಲ್ಲಿ ಒಂದೇ ಮುಳ್ಳಲ್ಲಿ ಹತ್ತು ಸಲ ಕೇಳಿದರೆ ಗಾಡಿಯ ಗೋಡೆ ಕಿತ್ತು ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಪಟ್ಟಿ ಇರುವುದು ಹಾಡು ಏರುವ ಕಡೆ, ತಾನಗಳು ಬರುವ ಕಡೆ. ಅಲ್ಲಿ ಏನು ತೊಳೆದರೂ ಜರ್ ಎನ್ನುವುದು ತಪ್ಪುವುದಿಲ್ಲ.

ಉಳಿದದ್ದನ್ನು ತೊಳೆಯಬಹುದು. ಸಾದಾ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ, ಮೆತ್ತನೆಯ ಬ್ರಶ್ಶು, ಗಾಡಿಯ ಗುಂಟ ಉಜ್ಜುವುದು, ನಡುವಿನ ಕಾಗದಕ್ಕೆ ನೀರು ತಾಗದಂತೆ. ಸ್ಪಿರಿಟು, ಥಿನ್ನರು ಮಾತ್ರ ಕೂಡದು, ಅರಗು ಸ್ಪಿರಿಟಿನಲ್ಲಿ ಕರಗುತ್ತದೆ, ಹಾಡು ಬಟ್ಟೆಗೆ ಬರುತ್ತದೆ. ಬಿಸಿಲಿಗೆ ಒಣಗಿಸಿದರೆ ತಟ್ಟೆ ಹಪ್ಪಳದಂತೆ ಸೊಟ್ಟಾಗುತ್ತದೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಬೇಕು.

ನುಡಿಸುವಾಗ ಎಲ್ಪಿಯ ಮುಳ್ಳು ಹಾಕಬಾರದು. ಅದರ ತುದಿ ಇಂಚಿನ ಸಾವಿರದಲ್ಲಿ ಒಂದು ಪಾಲು, 78ರ ಗಾಡಿಗೆ ಬೇಕಾದ್ದು ಮೂರು ಪಾಲು. ಸಣ್ಣ ಮುಳ್ಳು ಗಾಡಿಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನಷ್ಟೇ ಓದುತ್ತದೆ. ಭಾರ 3ರಿಂದ 5 ಗ್ರಾಂ ಇರಲಿ. ಸ್ಟೀರಿಯೋ ಕಾರ್ಟ್ರಿಜ್ ಆದರೆ ಎಡ-ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ, ಮುಳ್ಳು ಮೇಲೆ ಕೆಳಗೆ ಜಿಗಿದ ಸದ್ದು ಅಲ್ಲೇ ಅರ್ಧ ಅಳಿಯುತ್ತದೆ. ಎಲ್ಪಿಗೆಂದು ಮಾಡಿದ ಪ್ರಿಆಂಪ್ 10,000 ಹರ್ಟ್ಸಿನಲ್ಲಿ 13.7 ಡೆಸಿಬೆಲ್ ಕಡಿಯುತ್ತದೆ. ಅದರೊಳಗಿಂದ ಬಂದ ಅಮೀರ್‌ಬಾಯಿ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಅಷ್ಟನ್ನು ಮರಳಿ ಏರಿಸಿಕೊಳ್ಳಬೇಕು.

ಈಗಿನವರು ಹೆಚ್ಚಾಗಿ ‘ಕಿಸ್ಮತ್’ ಕೇಳುವುದು ಮೊಬೈಲಿನಲ್ಲಿ. ಅಲ್ಲಿ ಒಂದು ಮೋಸ ಇದೆ. ನಮ್ಮ ದೇಶದ ಟಿವಿ, ವಿಸಿಡಿ ಸೆಕೆಂಡಿಗೆ 25 ಚೌಕಟ್ಟಿನವು. 24ರ ಫಿಲ್ಮನ್ನು ಹಾಗೇ 25ಕ್ಕೆ ಓಡಿಸಿ ನಕಲು ಮಾಡಿದರೆ 120 ನಿಮಿಷದ ಚಿತ್ರ 115 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ, ದನಿ ಶೇಕಡಾ 4ರಷ್ಟು ಏರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಒಂದು ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಶೇಕಡಾ 6. ಅಂದರೆ ಹಾಡು ಅರ್ಧ ಸ್ವರದ ಮುಕ್ಕಾಲು ಪಾಲಿನಷ್ಟು ಮೇಲೆ, ಯಾವ ಮನೆಗೂ ಕೂಡದ ಜಾಗದಲ್ಲಿ ನಿಲ್ಲುತ್ತದೆ. ದನಿ ತೆಳ್ಳಗಾಗಿ ಹುಡುಗಿಯದಾಗುತ್ತದೆ. ಪತ್ತೆ ಹಚ್ಚಲಿಕ್ಕೆ ಚಿತ್ರವನ್ನು ಒಂದೊಂದೇ ಚೌಕಟ್ಟು ಸರಿಸಿ ನೋಡಿ: ಸೆಕೆಂಡಿಗೊಂದು ಚೌಕಟ್ಟು ಎರಡೆರಡು ಸಲ ಬಂದರೆ ವೇಗ ಸರಿ ಇದೆ, 25ಕ್ಕೆ 25ಡೂ ಬೇರೆ ಬೇರೆ ಆಗಿದ್ದರೆ ಏರಿದೆ. ಮೌನದ ಜಾಗದಲ್ಲಿ ಮೂಲ ಧ್ವನಿಗ್ರಹಣದ ಲೈನಿನ ಗುಂಯ್ ಉಳಿದಿದ್ದರೆ ಇನ್ನೂ ಸುಲಭ, 50ರ ಬದಲು 52 ಹರ್ಟ್ಸಿನಲ್ಲಿ ತೋರುತ್ತದೆ. ಅದನ್ನು ಸರಿಮಾಡಲು ಕಂಪ್ಯೂಟರಿನಲ್ಲಿ ವೇಗವನ್ನು ಶೇಕಡಾ 96ಕ್ಕೆ ಇಳಿಸುವಾಗ ‘ಶ್ರುತಿ ಕಾಯ್ದುಕೊ’ ಎನ್ನುವ ಆಯ್ಕೆಯನ್ನು ತೆಗೆದುಹಾಕಲು ಮರೆಯಬಾರದು, ಇಲ್ಲದಿದ್ದರೆ ಹಾಡು ನಿಧಾನ ಆಗುತ್ತದೆ, ದನಿ ಅಲ್ಲೇ ಇರುತ್ತದೆ.

ಸೀಳಿದ ತಟ್ಟೆ ಸಿಕ್ಕರೆ ಎಸೆಯಬೇಡಿ. ಪೂರ್ತಿ ಒಡೆಯದ ಸೀಳು ನಿಮಿಷಕ್ಕೆ 78 ಸಲ ಟಕ್ ಎನ್ನುತ್ತದೆ, ಮೂರು ನಿಮಿಷಕ್ಕೆ 234. ತೆಗೆಯುವ ಕೆಲಸ ಕಂಪ್ಯೂಟರಿಗೇ ಒಪ್ಪಿಸಿದರೆ ಅದು ಟಕ್ ಜೊತೆಗೆ ತಬಲಾದ ‘ನಾ’ ಅಕ್ಷರವನ್ನೂ ಒರೆಸುತ್ತದೆ. ಕೈಯಿಂದ ಒಂದೊಂದಾಗಿ ತೆಗೆದರೆ ಒಂದು ಮಧ್ಯಾಹ್ನದ ಕೆಲಸ.